1,500 ಗಂಟೆಯ ಬೆವರು, 90 ನಿಮಿಷದ ಉತ್ತರ: ಅಭ್ಯಾಸದ ಅಂಕವನ್ನು ಎಷ್ಟು ನಂಬಬಹುದು?

ಕೃಷ್ಣಮೂರ್ತಿಪುರಂನಲ್ಲಿ ಕಾಲೇಜು ಹುಡುಗರಿಗೆ ಬರವಿಲ್ಲ. ಶಾರದಾವಿಲಾಸ ವಿದ್ಯಾಸಂಸ್ಥೆಗಳು ಇರುವುದೇ ಈ ಬಡಾವಣೆಯಲ್ಲಿ. ಮಹಾರಾಜ ಕಾಲೇಜಿನ ಮೈದಾನಕ್ಕೆ ಸೈಕಲ್ಲಿನಲ್ಲಿ ಹೋಗಿಬರಬಹುದು. ಮೈಸೂರಿನಲ್ಲಿ ಅಂತರ ಕಾಲೇಜು ಫುಟ್‌ಬಾಲ್ ಟೂರ್ನಿ ಹತ್ತಿರ ಬಂದಾಗ ಯಾವ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾದರೂ ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು: ಬೆಳಗಿನ ಅಭ್ಯಾಸಕ್ಕೆ ಬರುವ 20 ಹುಡುಗರಲ್ಲಿ ಕಣಕ್ಕಿಳಿಯುವ 11 ಮಂದಿ ಯಾರು? ಪಂದ್ಯ ಇನ್ನೂ ನಡೆದಿಲ್ಲ. ಕೈಯಲ್ಲಿರುವುದು ಅಭ್ಯಾಸದಲ್ಲಿ ಕಂಡದ್ದು ಮಾತ್ರ. ಹಾಗಾದರೆ ಅಭ್ಯಾಸದಲ್ಲಿ ಮಿಂಚಿದವನು ಪಂದ್ಯದಲ್ಲೂ ಮಿಂಚುತ್ತಾನೆಯೇ?

ಈ ಪ್ರಶ್ನೆಯನ್ನು ಅನುಭವಿಗಳ ಅಭಿಪ್ರಾಯಕ್ಕೆ ಬಿಡದೆ ಅಂಕಿಗಳ ಮುಂದಿಟ್ಟರೆ ಎರಡು ಉತ್ತರ ಸಿಗುತ್ತವೆ. ಅಭ್ಯಾಸ ಆಟಗಾರನನ್ನು ಬೆಳೆಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಭ್ಯಾಸದಲ್ಲಿ ಬಿದ್ದ ಅಂಕ ಆಟಗಾರನನ್ನು ಆರಿಸಲು ದುರ್ಬಲ ಆಧಾರ. ಒಂದೇ ಮೈದಾನದಲ್ಲಿ ನಡೆಯುವ ಈ ಎರಡು ಕೆಲಸಗಳನ್ನು ನಾವು ಒಂದೇ ಎಂದುಕೊಂಡುಬಿಡುತ್ತೇವೆ.

ಒಂದು ತಂಡದ ಖರ್ಚು

ಮೊದಲು ಲೆಕ್ಕಕ್ಕೊಂದು ಮಾದರಿ ತಂಡ. 20 ಹುಡುಗರು, ವಾರಕ್ಕೆ 5 ದಿನ, ದಿನಕ್ಕೆ 90 ನಿಮಿಷ, 10 ವಾರ. ಅಂದರೆ 50 ದಿನ. ತಲೆಗೆ 75 ಗಂಟೆ, ತಂಡಕ್ಕೆ ಒಟ್ಟು 1,500 ಆಟಗಾರ-ಗಂಟೆ.

ಟೂರ್ನಿ ನಾಕೌಟ್ ಮಾದರಿಯದು ಎಂದುಕೊಳ್ಳೋಣ. ಮೊದಲ ಪಂದ್ಯದಲ್ಲೇ ಸೋತರೆ 11 ಹುಡುಗರು ಒಂದೂವರೆ ಗಂಟೆ ಆಡಿರುತ್ತಾರೆ, ಅಂದರೆ 16.5 ಆಟಗಾರ-ಗಂಟೆ. ಪಂದ್ಯದ ಒಂದು ಗಂಟೆಗೆ ಅಭ್ಯಾಸದ 91 ಗಂಟೆ. ನಾಲ್ಕು ಪಂದ್ಯ ಆಡಿ ಫೈನಲ್ ಮುಗಿಸಿದರೂ 66 ಆಟಗಾರ-ಗಂಟೆ, ಅಂದರೆ ಒಂದಕ್ಕೆ 23.

ಹಣದ ಲೆಕ್ಕ ಹೀಗಿದೆ. ಕೆಳಗಿನ ದರಗಳು ಉದಾಹರಣೆಗೆ ಇಟ್ಟುಕೊಂಡವು. ಓದುಗರು ತಮ್ಮ ಕಾಲೇಜಿನ ದರ ಹಾಕಿ ತಿದ್ದಿಕೊಳ್ಳಬಹುದು.

- ಮೊಟ್ಟೆ, ಬಾಳೆಹಣ್ಣು: ತಲೆಗೆ ದಿನಕ್ಕೆ ₹30. 20 ಜನ, 50 ದಿನ: ₹30,000
- ಚೆಂಡು: 6, ತಲಾ ₹1,000: ₹6,000
- ಕೋಚ್ ಗೌರವಧನ: ತಿಂಗಳಿಗೆ ₹15,000, ಎರಡೂವರೆ ತಿಂಗಳು: ₹37,500
- ಒಟ್ಟು: ₹73,500

ತಲೆಗೆ ₹3,675. ಅಭ್ಯಾಸದ ಒಂದು ಆಟಗಾರ-ಗಂಟೆಗೆ ₹49, ಒಂದು ಮಸಾಲೆ ದೋಸೆಯ ಆಸುಪಾಸಿನ ಮೊತ್ತ. ಅದೇ ಖರ್ಚನ್ನು ಪಂದ್ಯದ ನಿಮಿಷಗಳಿಗೆ ಹಂಚಿದರೆ ಚಿತ್ರ ಬದಲಾಗುತ್ತದೆ. ಮೊದಲ ಸುತ್ತಿನಲ್ಲೇ ಹೊರಬಿದ್ದ ತಂಡ ಪಂದ್ಯದ ಪ್ರತಿ ನಿಮಿಷಕ್ಕೆ ₹817 ಸುರಿದಿರುತ್ತದೆ. ಫೈನಲ್ ಆಡಿದ ತಂಡಕ್ಕೆ ಅದು ₹204. ಇಷ್ಟು ಖರ್ಚಿನ ಅಭ್ಯಾಸದಿಂದ ಕಾಲೇಜಿನ ಕೈಯಲ್ಲಿ ಬರವಣಿಗೆಯಲ್ಲಿ ಉಳಿಯುವುದು ಸಾಮಾನ್ಯವಾಗಿ ಹಾಜರಾತಿ ಪುಸ್ತಕ. ಯಾರು ಬಂದರು ಎಂಬುದು ಅದರಲ್ಲಿರುತ್ತದೆ, ಯಾರು ಏನು ಮಾಡಿದರು ಎಂಬುದಿರುವುದಿಲ್ಲ.

ಗಂಟೆಗಳು ಹೇಳುವುದು ಎಷ್ಟು?

1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಅಭ್ಯಸಿಸಿ, ಉದ್ದೇಶವಿಟ್ಟು ಮಾಡಿದ ಸಾಧನೆಯ ಗಂಟೆಗಳೇ ಪ್ರಾವೀಣ್ಯದ ಮುಖ್ಯ ಕಾರಣ ಎಂದರು. 10,000 ಗಂಟೆ ದುಡಿದರೆ ಯಾರಾದರೂ ನಿಪುಣರಾಗಬಹುದು ಎಂಬ ಜನಪ್ರಿಯ ಮಾತು ಹುಟ್ಟಿದ್ದು ಆ ಬರಹದ ನೆರಳಿನಲ್ಲಿ.

ಎರಡು ದಶಕಗಳ ನಂತರ, 2014ರಲ್ಲಿ, ಬ್ರೂಕ್ ಮೆಕ್‌ನಮಾರಾ, ಡೇವಿಡ್ ಹ್ಯಾಂಬ್ರಿಕ್ ಮತ್ತು ಫ್ರೆಡರಿಕ್ ಆಸ್ವಾಲ್ಡ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಮತ್ತೆ ಲೆಕ್ಕ ಹಾಕಿದರು. ಆಟಗಾರ ಆಟಗಾರನ ನಡುವಿನ ಸಾಧನೆಯ ವ್ಯತ್ಯಾಸದಲ್ಲಿ ಅಭ್ಯಾಸದ ಗಂಟೆಗಳು ವಿವರಿಸಿದ ಪಾಲು ಹೀಗಿತ್ತು: ಚೆಸ್‌ನಂಥ ಆಟಗಳಲ್ಲಿ ಶೇ 26, ಸಂಗೀತದಲ್ಲಿ ಶೇ 21, ಮೈದಾನದ ಕ್ರೀಡೆಗಳಲ್ಲಿ ಶೇ 18, ಓದಿನಲ್ಲಿ ಶೇ 4.

ಶೇ 18 ಎಂದರೆ ಮೈದಾನದ ಭಾಷೆಯಲ್ಲಿ ಏನು? ಇಬ್ಬರು ಆಟಗಾರರನ್ನು ಸುಮ್ಮನೆ ಎತ್ತಿಕೊಳ್ಳಿ. ಅವರಲ್ಲಿ ಯಾರು ಹೆಚ್ಚು ಗಂಟೆ ಅಭ್ಯಾಸ ಮಾಡಿದ್ದಾರೋ ಅವರೇ ಉತ್ತಮ ಆಟಗಾರ ಎಂದು ಪಂಥ ಕಟ್ಟಿ. ಶೇ 18ರ ಪಾಲನ್ನು ಮಾಮೂಲು ಸಂಖ್ಯಾಶಾಸ್ತ್ರದ ಸೂತ್ರಕ್ಕೆ ಹಾಕಿದರೆ 100 ಜೋಡಿಗಳಲ್ಲಿ ಸುಮಾರು 64ರಲ್ಲಿ ಪಂಥ ಗೆಲ್ಲುತ್ತದೆ, 36ರಲ್ಲಿ ಸೋಲುತ್ತದೆ. ನಾಣ್ಯ ಚಿಮ್ಮಿದ್ದರೂ 50 ಗೆಲ್ಲುತ್ತಿತ್ತು. ಅಂದರೆ ಅಭ್ಯಾಸದ ಗಂಟೆ ಗೊತ್ತಿರುವುದರಿಂದ ಆದ ಲಾಭ 14 ಜೋಡಿ.

2016ರಲ್ಲಿ ಮೆಕ್‌ನಮಾರಾ ತಂಡ ಕ್ರೀಡೆಯನ್ನಷ್ಟೇ ಪ್ರತ್ಯೇಕವಾಗಿ ನೋಡಿತು. ಎಲ್ಲ ಮಟ್ಟದವರನ್ನೂ ಸೇರಿಸಿದಾಗ ಮತ್ತೆ ಶೇ 18. ಉನ್ನತ ದರ್ಜೆಯ ಆಟಗಾರರನ್ನು ಮಾತ್ರ ತೆಗೆದುಕೊಂಡಾಗ ಶೇ 1. ಅದೇ ಸೂತ್ರದಲ್ಲಿ 100 ಜೋಡಿಗೆ 53. ಹೆಚ್ಚುಕಡಿಮೆ ನಾಣ್ಯವೇ.

ಇದರಿಂದ ಅಭ್ಯಾಸ ವ್ಯರ್ಥ ಎಂದು ಅರ್ಥವಾಗುವುದಿಲ್ಲ. ಮೇಲಿನ ಮಟ್ಟದಲ್ಲಿ ಎಲ್ಲರೂ ಸಾವಿರಾರು ಗಂಟೆ ದುಡಿದವರೇ. ಎಲ್ಲರಲ್ಲೂ ಇರುವ ಗುಣದಿಂದ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಲಾಗದು. ಮೊದಲ ದಿನ ಟ್ರಯಲ್ಸ್‌ಗೆ ಬಂದ 60 ಹುಡುಗರಲ್ಲಿ 20 ಮಂದಿಯನ್ನು ಆರಿಸಲು ಅಭ್ಯಾಸದ ಹಿನ್ನೆಲೆ ನೆರವಾಗುತ್ತದೆ. ಆ 20ರಲ್ಲಿ 11ನೆಯವನು ಯಾರು, 12ನೆಯವನು ಯಾರು ಎನ್ನುವಾಗ ಅದು ಕೈಕೊಡುತ್ತದೆ.

ಹತ್ತು ಕಿಕ್‌ನಲ್ಲಿ ಏನೂ ತಿಳಿಯದು

ಗಂಟೆ ಬಿಟ್ಟು ಅಂಕಕ್ಕೆ ಬರೋಣ. ಎಣಿಸಲು ಸುಲಭವಾದದ್ದು ಪೆನಾಲ್ಟಿ ಕಿಕ್. 11 ಮೀಟರ್ ದೂರ, 7.32 ಮೀಟರ್ ಅಗಲ ಮತ್ತು 2.44 ಮೀಟರ್ ಎತ್ತರದ ಗೋಲು, ಎದುರಿಗೆ ಒಬ್ಬ ಗೋಲ್‌ಕೀಪರ್. ಒಬ್ಬನ ನಿಜವಾದ ಸಾಮರ್ಥ್ಯ 100ಕ್ಕೆ 80, ಇನ್ನೊಬ್ಬನದು 100ಕ್ಕೆ 70 ಎಂದಿಟ್ಟುಕೊಳ್ಳಿ. ಟೂರ್ನಿಯ ಮಟ್ಟಿಗೆ ಇದು ದೊಡ್ಡ ಅಂತರ. ಕೋಚ್‌ಗೆ ಈ ಗುಟ್ಟು ಗೊತ್ತಿಲ್ಲ. ಇಬ್ಬರಿಗೂ ಸಮನಾಗಿ ಕಿಕ್ ಕೊಟ್ಟು, ಹೆಚ್ಚು ಗೋಲು ಹೊಡೆದವನನ್ನು ಆರಿಸುತ್ತಾರೆ. ಸಂಭವನೀಯತೆಯ ಲೆಕ್ಕ ಹೀಗೆ ಬರುತ್ತದೆ:

- ತಲಾ 10 ಕಿಕ್: ಸರಿಯಾದವನು ಮುಂದೆ ಬರುವ ಸಾಧ್ಯತೆ ಶೇ 60, ಇಬ್ಬರೂ ಸಮ ಶೇ 18, ತಪ್ಪಾದವನು ಮುಂದೆ ಶೇ 22
- ತಲಾ 50 ಕಿಕ್: ಸರಿ ಶೇ 85, ಸಮ ಶೇ 5, ತಪ್ಪು ಶೇ 10
- ತಲಾ 100 ಕಿಕ್: ಸರಿ ಶೇ 94, ಸಮ ಶೇ 2, ತಪ್ಪು ಶೇ 4

ಟೂರ್ನಿಯ ಹಿಂದಿನ ಸಂಜೆ ಎಲ್ಲರಿಂದ ಹತ್ತು ಕಿಕ್ ಹೊಡೆಸಿ ಐವರನ್ನು ಗುರುತಿಸುವ ಕ್ರಮ ಇರುವ ಕಡೆ, ಹತ್ತು ಸಲದಲ್ಲಿ ನಾಲ್ಕು ಸಲ ಉತ್ತಮ ಆಟಗಾರ ಗುರುತಿಗೇ ಬರುವುದಿಲ್ಲ. ಅಭ್ಯಾಸ ಸುಳ್ಳು ಹೇಳಿತು ಎಂದು ನಂತರ ದೂರುತ್ತೇವೆ. ನಿಜವೆಂದರೆ ಅದು ಹೇಳಿ ಮುಗಿಸುವಷ್ಟು ಹೊತ್ತು ನಾವು ಕೇಳಿಸಿಕೊಂಡಿರಲಿಲ್ಲ.

ಸಣ್ಣ ಎಣಿಕೆ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಕರ್ನಾಟಕದ ಕ್ರಿಕೆಟ್ಟಿನಲ್ಲೇ ಹೆಸರಾದ ದಾಖಲೆಯಿದೆ. ನವೆಂಬರ್ 1969, ಕಾನ್ಪುರ, ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್. ಗುಂಡಪ್ಪ ವಿಶ್ವನಾಥ್ ಅವರ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅದೇ ಬ್ಯಾಟು, ಅದೇ ಪಿಚ್ಚು, ಅದೇ ವಾರದ ಅಭ್ಯಾಸ. ಮೊದಲ ಇನಿಂಗ್ಸ್ ನೋಡಿ ಎದ್ದುಹೋದವರು ಒಂದು ತೀರ್ಮಾನಕ್ಕೆ ಬಂದಿರುತ್ತಾರೆ, ಎರಡನೆಯದನ್ನು ನೋಡಿದವರು ಮತ್ತೊಂದಕ್ಕೆ. ಉತ್ತರ ಗೊತ್ತಾದದ್ದು 91 ಟೆಸ್ಟ್, 6,080 ರನ್, 14 ಶತಕಗಳ ನಂತರ.

ಅಭ್ಯಾಸದಲ್ಲಿ ಹಿಂದೆ, ಆಟದಲ್ಲಿ ಮುಂದೆ

ಎಣಿಕೆ ಹೆಚ್ಚಿಸಿದರೂ ಬಗೆಹರಿಯದ ತೊಡಕೊಂದಿದೆ. ಕೆಲವು ಬಗೆಯ ಅಭ್ಯಾಸದಲ್ಲಿ ಅಂಕ ಚೆನ್ನಾಗಿ ಬರುತ್ತದೆ, ಕಲಿಕೆ ಕಡಿಮೆಯಾಗುತ್ತದೆ. ಇನ್ನು ಕೆಲವು ಬಗೆಯಲ್ಲಿ ಇದು ತಿರುವುಮುರುವು.

1994ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಕಾಲೇಜು ಬೇಸ್‌ಬಾಲ್ ಪ್ರಯೋಗ ಇದಕ್ಕೆ ಒಳ್ಳೆಯ ಪುರಾವೆ. ಹಾಲ್, ಡೊಮಿಂಗೆಸ್ ಮತ್ತು ಕವಾಜೋಸ್ ನಡೆಸಿದ್ದು. 30 ಆಟಗಾರರು, ಮೂರು ಗುಂಪು. ಎರಡು ಗುಂಪುಗಳಿಗೆ ವಾರಕ್ಕೆ ಎರಡು ದಿನ, ಆರು ವಾರ, ಹೆಚ್ಚುವರಿ ಬ್ಯಾಟಿಂಗ್ ಅಭ್ಯಾಸ. ದಿನಕ್ಕೆ 45 ಚೆಂಡು: ವೇಗದ್ದು 15, ತಿರುಗುವುದು 15, ನಿಧಾನದ್ದು 15. ಆರು ವಾರಕ್ಕೆ ತಲೆಗೆ 540 ಚೆಂಡು. ಇಲ್ಲಿಯವರೆಗೆ ಎರಡೂ ಗುಂಪಿಗೆ ಎಲ್ಲವೂ ಸಮ.

ವ್ಯತ್ಯಾಸ ಇದ್ದದ್ದು ಸಾಲಿನಲ್ಲಿ ಮಾತ್ರ. ಒಂದು ಗುಂಪಿಗೆ ಒಂದೇ ಬಗೆಯ 15 ಚೆಂಡು ಮುಗಿಸಿ ಮುಂದಿನ ಬಗೆ. ಇನ್ನೊಂದಕ್ಕೆ ಮೂರೂ ಬಗೆ ಕಲಸಿ, ಮುಂದಿನದು ಯಾವುದೆಂದು ಗೊತ್ತಾಗದಂತೆ. ಆರು ವಾರದ ಕೊನೆಗೆ ಚೆಂಡುಗಳನ್ನು ಕಲಸಿ ಕೊಟ್ಟು ಪರೀಕ್ಷಿಸಿದಾಗ ಹೆಚ್ಚುವರಿ ಅಭ್ಯಾಸ ಪಡೆಯದ ಗುಂಪಿನ ಸುಧಾರಣೆ ಶೇ 6.2. ಒಂದೇ ಬಗೆ ಸಾಲಾಗಿ ಆಡಿದವರದು ಶೇ 24.8. ಕಲಸಿ ಆಡಿದವರದು ಶೇ 56.7. ಚೆಂಡಿನ ಸಂಖ್ಯೆ, ಸಮಯ, ಖರ್ಚು ಯಾವುದೂ ಬದಲಾಗಲಿಲ್ಲ. ಫಲ ಎರಡು ಪಟ್ಟಿಗಿಂತ ಹೆಚ್ಚಾಯಿತು.

ಬ್ಯಾಡ್ಮಿಂಟನ್‌ನಲ್ಲೂ ಇದೇ ಕಂಡಿದೆ. 1986ರಲ್ಲಿ ಗೂಡ್ ಮತ್ತು ಮಗಿಲ್ ಹೊಸದಾಗಿ ಕಲಿಯುವವರಿಗೆ ಮೂರು ಬಗೆಯ ಸರ್ವ್ ಹೇಳಿಕೊಟ್ಟರು. ಒಂದೊಂದೇ ಸರ್ವ್ ಮುಗಿಸಿ ಮುಂದೆ ಹೋದವರಿಗಿಂತ, ಬದಲಿಸಿ ಬದಲಿಸಿ ಮಾಡಿದವರ ಪ್ರಗತಿ ಅಭ್ಯಾಸದ ದಿನಗಳಲ್ಲಿ ಮಂದವಾಗಿ ಕಂಡಿತು. ನಂತರದ ಪರೀಕ್ಷೆಯಲ್ಲಿ, ಅದರಲ್ಲೂ ಅಂಕಣದ ಇನ್ನೊಂದು ಬದಿಯಿಂದ ಸರ್ವ್ ಮಾಡಿಸಿದಾಗ, ಬದಲಿಸಿ ಕಲಿತವರೇ ಮೇಲುಗೈ. ಅಭ್ಯಾಸದ ದಿನದ ಅಂಕ ನೋಡಿ ಆಯ್ಕೆ ಮಾಡಿದ್ದರೆ ಹೆಚ್ಚು ಕಲಿತವರೇ ಹೊರಗುಳಿಯುತ್ತಿದ್ದರು.

1978ರ ಕೆರ್ ಮತ್ತು ಬೂತ್ ಪ್ರಯೋಗ ಇನ್ನೂ ಸರಳ. ಎಂಟು ವರ್ಷದ ಮಕ್ಕಳು ಕಾಳು ತುಂಬಿದ ಪುಟ್ಟ ಚೀಲವನ್ನು ಗುರಿಗೆ ಎಸೆಯಬೇಕು. ಒಂದು ಗುಂಪು 3 ಅಡಿ ದೂರದಿಂದಲೇ ಅಭ್ಯಾಸ ಮಾಡಿತು. ಇನ್ನೊಂದು 2 ಅಡಿ ಮತ್ತು 4 ಅಡಿಯಿಂದ, 3 ಅಡಿಯಿಂದ ಒಮ್ಮೆಯೂ ಇಲ್ಲ. ಪರೀಕ್ಷೆ 3 ಅಡಿಯಿಂದ. ಗೆದ್ದದ್ದು 3 ಅಡಿಯನ್ನು ಮುಟ್ಟದ ಗುಂಪು.

ಮೈದಾನಕ್ಕೆ ಇದರ ಪಾಠ ನೇರ. ಕೋನ್ ಸಾಲಿಟ್ಟು ಅದರ ನಡುವೆ ಚೆಂಡು ಹೊರಳಿಸುತ್ತ ಓಡುವ ಹುಡುಗ ನೋಡಲು ಸೊಗಸು. ಸ್ಟಾಪ್‌ವಾಚ್ ಹಿಡಿದರೆ ಅಂಕವೂ ಚೆನ್ನಾಗಿರುತ್ತದೆ. ಆದರೆ ಕೋನ್ ಕಾಲು ಚಾಚುವುದಿಲ್ಲ, ಹಿಂದಿನಿಂದ ಓಡಿಬರುವುದಿಲ್ಲ. ಉನ್ನತ ಮಟ್ಟದ ಫುಟ್‌ಬಾಲ್‌ನಲ್ಲಿ ಒಬ್ಬ ಆಟಗಾರ ಪಂದ್ಯದಲ್ಲಿ 10ರಿಂದ 12 ಕಿ.ಮೀ. ಓಡುತ್ತಾನೆ. ಚೆಂಡನ್ನು ಕಾಲಲ್ಲಿಟ್ಟುಕೊಂಡು ಓಡುವುದು ಅದರಲ್ಲಿ ಶೇ 2ರ ಆಸುಪಾಸು, ಅಂದರೆ ಸುಮಾರು 200 ಮೀಟರ್. ಉಳಿದ ಓಟವೆಲ್ಲ ಎಲ್ಲಿ ನಿಲ್ಲಬೇಕು, ಯಾವಾಗ ನುಗ್ಗಬೇಕು, ಯಾರನ್ನು ಕಾಯಬೇಕು ಎಂಬ ನಿರ್ಧಾರದ್ದು. ಡ್ರಿಬ್ಲಿಂಗ್ ಪರೀಕ್ಷೆಯ ಅಂಕ ಆ 200 ಮೀಟರ್ ಬಗ್ಗೆ ಮಾತ್ರ ಮಾತಾಡುತ್ತದೆ.

ಜನ ನೋಡುವಾಗ

ಅಭ್ಯಾಸದಲ್ಲಿ ಇಲ್ಲದ್ದು, ಪಂದ್ಯದಲ್ಲಿ ಇರುವುದು: ಸೋಲಿನ ಬೆಲೆ. ನಾರ್ವೆಯ ಗೇರ್ ಯೋರ್ಡೆಟ್ ದೊಡ್ಡ ಟೂರ್ನಿಗಳ ಪೆನಾಲ್ಟಿ ಶೂಟೌಟ್‌ಗಳನ್ನು ಒಂದೊಂದಾಗಿ ಎಣಿಸಿದರು. ಗೋಲಾದರೆ ತಂಡ ಅಲ್ಲಿಗೇ ಗೆಲ್ಲುತ್ತದೆ ಎಂಬ ಕಿಕ್‌ಗಳಲ್ಲಿ ಶೇ 92 ಗುರಿ ಮುಟ್ಟಿದ್ದವು. ತಪ್ಪಿದರೆ ಅಲ್ಲಿಗೇ ಸೋಲು ಎಂಬ ಕಿಕ್‌ಗಳಲ್ಲಿ ಶೇ 60ರ ಆಸುಪಾಸು. ಎರಡೂ ಕಡೆ ಅದೇ 11 ಮೀಟರ್. ಮುಂಜಾನೆಯ ಮೈದಾನದಲ್ಲಿ ನಗುನಗುತ್ತ ಹೊಡೆದ ಕಿಕ್ ಇವೆರಡರಲ್ಲಿ ಯಾವುದನ್ನೂ ಹೋಲುವುದಿಲ್ಲ.

ನೋಡುವವರ ಕಣ್ಣು ಎಲ್ಲರ ಮೇಲೂ ಒಂದೇ ಪರಿಣಾಮ ಬೀರುವುದಿಲ್ಲ ಎಂಬುದು ಇನ್ನೂ ಕುತೂಹಲದ ಸಂಗತಿ. 1982ರಲ್ಲಿ ಅಮೆರಿಕದ ವಿದ್ಯಾರ್ಥಿ ಕೇಂದ್ರವೊಂದರಲ್ಲಿ ಪೂಲ್ ಆಡುವವರನ್ನು ಮೈಕೇಲ್ಸ್ ಮತ್ತು ಸಂಗಡಿಗರು ಮೊದಲು ದೂರದಿಂದ ಎಣಿಸಿದರು, ಬಳಿಕ ನಾಲ್ವರು ಮೇಜಿನ ಪಕ್ಕಕ್ಕೇ ಹೋಗಿ ನಿಂತರು. ಚೆನ್ನಾಗಿ ಆಡುವವರ ನಿಖರತೆ ಶೇ 71ರಿಂದ 80ಕ್ಕೆ ಏರಿತು. ಸಾಧಾರಣ ಆಟಗಾರರದು ಶೇ 36ರಿಂದ 25ಕ್ಕೆ ಇಳಿಯಿತು. ಅಭ್ಯಾಸದಲ್ಲಿ ಗಟ್ಟಿಯಾಗಿ ಕೂತ ಕೌಶಲ ಜನರೆದುರು ಅರಳುತ್ತದೆ, ಅರೆಬೆಂದದ್ದು ಕುಸಿಯುತ್ತದೆ. ಅಭ್ಯಾಸದ ಅಂಕಪಟ್ಟಿಯಲ್ಲಿ 35 ಅಂಕದ ಅಂತರವಿದ್ದದ್ದು ಪಂದ್ಯದಲ್ಲಿ 55 ಆಗಬಹುದು.

ನಮ್ಮ ರಾಜ್ಯದ ತಂಡದ್ದೇ ಉದಾಹರಣೆ ಬೇಕಾದರೆ ಮಾರ್ಚ್ 2023ರ ಇಂಡಿಯನ್ ಸೂಪರ್ ಲೀಗ್ ನೋಡಬಹುದು. ಬೆಂಗಳೂರು ಎಫ್‌ಸಿ ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿ ತಂಡವನ್ನು ಶೂಟೌಟ್‌ನಲ್ಲಿ 9-8ರಿಂದ ಮಣಿಸಿತು. ಅದರ ಬೆನ್ನಿಗೇ ಬಂದ ಗೋವಾ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು 2-2ರ ನಂತರ ಶೂಟೌಟ್‌ನಲ್ಲಿ 3-4ರಿಂದ ಸೋತಿತು. ಮೊದಲನೆಯದರಲ್ಲಿ ಒಂಬತ್ತು ಗೋಲು. ಎರಡನೆಯದರಲ್ಲಿ ಐದು ಕಿಕ್‌ಗೆ ಮೂರು. ಒಂದೇ ವಾರದ ಅಂತರ, ಅದೇ ಕೋಚ್, ಅದೇ ಅಭ್ಯಾಸ. ಶೇ 75ರ ಸಾಮರ್ಥ್ಯದ ತಂಡವೊಂದು ಐದು ಕಿಕ್‌ಗೆ ಮೂರು ಅಥವಾ ಅದಕ್ಕಿಂತ ಕಡಿಮೆ ಗೋಲು ಹೊಡೆಯುವ ಸಾಧ್ಯತೆ ಶೇ 37. ಅಂದರೆ ಕಾರಣ ಹುಡುಕುವ ಮೊದಲು ಒಪ್ಪಿಕೊಳ್ಳಬೇಕಾದ್ದು: ಪಂದ್ಯ ಕೂಡ ಸಣ್ಣ ಎಣಿಕೆಯೇ.

ಸ್ಟಾಪ್‌ವಾಚ್ ಆರಿಸಿದ್ದು, ಆಟ ತಿದ್ದಿದ್ದು

ಕಾಲೇಜು ಆಟಗಾರರನ್ನು ಅಳೆದು ತೂಗಿ ಆರಿಸುವುದರಲ್ಲಿ ಅಮೆರಿಕನ್ ಫುಟ್‌ಬಾಲ್‌ಗೆ ಸಾಟಿಯಿಲ್ಲ. ಅಲ್ಲಿನ ವೃತ್ತಿಪರ ಲೀಗ್ ಪ್ರತಿ ವರ್ಷ ಕಾಲೇಜಿನಿಂದ ಬರುವವರ ಓಟ, ನೆಗೆತ, ಭಾರ ಎತ್ತುವಿಕೆಗಳನ್ನು ಒಂದೇ ಕಡೆ ಪರೀಕ್ಷಿಸುತ್ತದೆ. ಕುಜ್ಮಿಟ್ಸ್ ಮತ್ತು ಆಡಮ್ಸ್ 2008ರಲ್ಲಿ ಆರು ವರ್ಷಗಳ ಆಟಗಾರರ ಪರೀಕ್ಷಾ ಅಂಕಗಳನ್ನು ಅವರ ಮುಂದಿನ ಸಾಧನೆಯೊಂದಿಗೆ ಹೋಲಿಸಿದರು. ಚೆಂಡು ಹಿಡಿದು ಓಡುವ ಆಟಗಾರರ ಓಟದ ವೇಗವೊಂದನ್ನು ಬಿಟ್ಟರೆ ಸ್ಥಿರವಾದ ಸಂಬಂಧ ಕಾಣಲಿಲ್ಲ. ಟಾಮ್ ಬ್ರೇಡಿ 2000ದಲ್ಲಿ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡು 199ನೆಯವರಾಗಿ ಆಯ್ಕೆಯಾದರು. ಕೊನೆಗೆ ಗೆದ್ದದ್ದು ಏಳು ಚಾಂಪಿಯನ್‌ಶಿಪ್.

ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲೂ ಇಂಥದೇ ಒಂದು ದಾಖಲೆಯಿದೆ. ಯೋ-ಯೋ ಪರೀಕ್ಷೆಯಲ್ಲಿ 20 ಮೀಟರ್ ಹೋಗಿ 20 ಮೀಟರ್ ಬರಬೇಕು, ಹತ್ತು ಸೆಕೆಂಡ್ ಸುಧಾರಿಸಿಕೊಂಡು ಮತ್ತೆ ಓಡಬೇಕು, ವೇಗ ಏರುತ್ತ ಹೋಗುತ್ತದೆ. ಆಗಿನ ಪಾಸ್ ಮಟ್ಟ 16.1, ಅಂದರೆ ಒಟ್ಟು 1,120 ಮೀಟರ್. ಜೂನ್ 2018ರಲ್ಲಿ ಮೊಹಮ್ಮದ್ ಶಮಿ ಇದರಲ್ಲಿ ಫೇಲಾದರು. ಬೆಂಗಳೂರಿನಲ್ಲೇ ನಡೆದ ಅಫ್ಗಾನಿಸ್ತಾನ ವಿರುದ್ಧದ ಟೆಸ್ಟ್ ಕೈತಪ್ಪಿತು. ಮುಂದೆ ಇಂಗ್ಲೆಂಡ್‌ನಲ್ಲಿ ಐದೂ ಟೆಸ್ಟ್ ಆಡಿ 16 ವಿಕೆಟ್ ಪಡೆದರು. ಆ ಇಡೀ ವರ್ಷದ ಅವರ ಟೆಸ್ಟ್ ವಿಕೆಟ್ 47. ಪರೀಕ್ಷೆ ಅವರ ದೇಹಸ್ಥಿತಿಯ ಬಗ್ಗೆ ಎಚ್ಚರಿಸಿದ್ದು ಸರಿಯೇ ಇರಬಹುದು. ಚೆಂಡಿನ ಸೀಮ್ ನೇರ ನಿಲ್ಲಿಸುವ ಮಣಿಕಟ್ಟಿನ ಬಗ್ಗೆ ಅದು ಏನೂ ಹೇಳಲಾರದು.

ಮೈಸೂರಿನ ಎರಡು ದಾಖಲೆ

ನಮ್ಮೂರಿನ ಅಂಕಿಗಳಿಗೆ ಬರೋಣ. ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಮಾಡಿದ ಜಾವಗಲ್ ಶ್ರೀನಾಥ್ ರಾಜ್ಯ ತಂಡದ ದಾರಿ ಹಿಡಿದದ್ದು ಕ್ಲಬ್ ಪಂದ್ಯವೊಂದರಲ್ಲಿ ವಿಶ್ವನಾಥ್ ಅವರ ಕಣ್ಣಿಗೆ ಬಿದ್ದ ಮೇಲೆ. ನೆಟ್ಸ್‌ನಲ್ಲಿ ಅಲ್ಲ, ಪಂದ್ಯದಲ್ಲಿ. 1989-90ರಲ್ಲಿ ಹೈದರಾಬಾದ್ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. ಮುಂದೆ 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315. ಆರಿಸುವ ಕಣ್ಣು ಆಟವನ್ನು ಆಟದೊಳಗೇ ನೋಡಿದ್ದರ ಫಲ ಇದು.

ಎರಡನೆಯದು ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದ್ದು. ಜನವರಿ 2010ರ ರಣಜಿ ಫೈನಲ್. ಮುಂಬೈ 233 ಮತ್ತು 234, ಒಟ್ಟು 467. ಕರ್ನಾಟಕ 130 ಮತ್ತು 331, ಒಟ್ಟು 461. ಗೆಲ್ಲಲು ಬೇಕಿದ್ದದ್ದು 338. ಮನೀಷ್ ಪಾಂಡೆ 144 ಹೊಡೆದರೂ ಕರ್ನಾಟಕ 6 ರನ್‌ನಿಂದ ಸೋತಿತು. ಎರಡೂ ತಂಡ ಸೇರಿ ಗಳಿಸಿದ 928 ರನ್‌ಗಳಲ್ಲಿ 6 ಎಂದರೆ ಶೇ 0.65. ಇಷ್ಟು ತೆಳುವಾದ ಅಂತರವನ್ನು ಯಾವ ನೆಟ್ಸ್ ಅಭ್ಯಾಸವೂ ಮುಂಚಿತವಾಗಿ ಹೇಳಲಾರದು. ಆ ಋತುವಿನ ಅಭ್ಯಾಸ ಎರಡೂ ತಂಡಗಳನ್ನು ಫೈನಲ್‌ವರೆಗೆ ತಂದಿತ್ತು. ಅಭ್ಯಾಸಕ್ಕೆ ಇರುವ ಶಕ್ತಿ ಅಲ್ಲಿಯವರೆಗಿನದು.

ಅದೇ ₹73,500ರಲ್ಲಿ ಏನು ಬದಲಿಸಬಹುದು

ಮಾದರಿ ತಂಡದ 90 ನಿಮಿಷವನ್ನು ಹೀಗೆ ಹಂಚಿ ನೋಡಿ. ಮೈ ಕಾಯಿಸಲು 15 ನಿಮಿಷ. ಪಾಸ್, ಹೆಡ್, ಶಾಟ್ ಮೂರನ್ನೂ ಕಲಸಿದ ಕೌಶಲ ಅಭ್ಯಾಸಕ್ಕೆ 25. ಎರಡು ತಂಡ ಮಾಡಿ, ಸ್ಕೋರ್ ಬರೆದು ಆಡುವ ಆಟಕ್ಕೆ 40. ಎಣಿಸಿ ಹೊಡೆಯುವ ಪೆನಾಲ್ಟಿಗೆ 10.

ದಿನಕ್ಕೆ 40 ನಿಮಿಷದ ಆಟ ಎಂದರೆ 50 ದಿನಕ್ಕೆ 2,000 ನಿಮಿಷ. 90 ನಿಮಿಷದ 22 ಪಂದ್ಯಗಳಿಗೆ ಸಮ. ಟೂರ್ನಿ ಕೊಡುವುದು ಹೆಚ್ಚೆಂದರೆ ನಾಲ್ಕು. ಯಾರು ಆಡಿದಾಗ ಯಾವ ತಂಡ ಗೆದ್ದಿತು, ಯಾರ ಪಾಸ್‌ನಿಂದ ಗೋಲು ಬಂತು, ಯಾರು ಚೆಂಡು ಕಳೆದುಕೊಂಡರು ಎಂದು ದಿನವೂ ನಾಲ್ಕು ಸಾಲು ಬರೆದರೂ ಟೂರ್ನಿಗೆ ಮೊದಲೇ 200 ಸಾಲಿನ ದಾಖಲೆ ಕೈಯಲ್ಲಿರುತ್ತದೆ.

ಪೆನಾಲ್ಟಿ ಲೆಕ್ಕ ಇನ್ನೂ ಚೊಕ್ಕ. ಒಂದು ಕಿಕ್‌ಗೆ 30 ಸೆಕೆಂಡ್ ಹಿಡಿದರೆ 10 ನಿಮಿಷಕ್ಕೆ ಒಂದು ಗೋಲಿನಲ್ಲಿ 20 ಕಿಕ್, ಎರಡು ಗೋಲಿನಲ್ಲಿ 40. 20 ಹುಡುಗರಿಗೆ ದಿನಕ್ಕೆ ತಲಾ ಎರಡು. 50 ದಿನಕ್ಕೆ ತಲಾ 100. ತಪ್ಪು ಆಯ್ಕೆಯ ಸಾಧ್ಯತೆ ಶೇ 22ರಿಂದ 4ಕ್ಕೆ ಇಳಿಯಲು ಬೇಕಿದ್ದ ಸಂಖ್ಯೆ ಇದೇ. ದಿನಕ್ಕೆ ಎರಡೇ ಎಂಬುದರಿಂದ ಇನ್ನೊಂದು ಲಾಭವೂ ಇದೆ: ಸಾಲಾಗಿ ಹತ್ತು ಹೊಡೆದು ಕೈಗೂಡಿಸಿಕೊಳ್ಳುವ ಅವಕಾಶ ಪಂದ್ಯದಲ್ಲಿ ಇಲ್ಲ, ಇಲ್ಲೂ ಇರುವುದಿಲ್ಲ. ಉಳಿದ 19 ಮಂದಿ ಸುತ್ತ ನಿಂತು ಕೂಗಲಿ. ತಪ್ಪಿದವನ ಗುಂಪು ಮೈದಾನಕ್ಕೊಂದು ಸುತ್ತು ಓಡಲಿ. ಸೋಲಿನ ಬೆಲೆ ಸ್ವಲ್ಪವಾದರೂ ಅಭ್ಯಾಸದೊಳಕ್ಕೆ ಬರುತ್ತದೆ.

ಇದಕ್ಕೆ ತಗಲುವ ಹೆಚ್ಚುವರಿ ಖರ್ಚು ಒಂದು ಉದ್ದನೆಯ ನೋಟ್‌ಬುಕ್ ಮತ್ತು ಎರಡು ಪೆನ್. ₹100ರೊಳಗೆ ಮುಗಿಯುತ್ತದೆ. ₹73,500ರಲ್ಲಿ ಅದು ಶೇ 0.14. ಬರೆಯುವ ಕೆಲಸಕ್ಕೆ ಪೆಟ್ಟಾಗಿ ಕೂತ ಆಟಗಾರನೋ, ಆಟ ಬಾರದಿದ್ದರೂ ಆಟದ ಹುಚ್ಚಿರುವ ಸಹಪಾಠಿಯೋ ಸಾಕು.

ತೀರ್ಮಾನ ಇಷ್ಟು. ಅಭ್ಯಾಸದ ಗಂಟೆಗಳು ತಂಡ ಕಟ್ಟುತ್ತವೆ, ಅವುಗಳಿಗೆ ಕತ್ತರಿ ಹಾಕಬೇಡಿ. ಕೊನೆಯ ದಿನದ ಹತ್ತು ಕಿಕ್, ಕೋನ್ ನಡುವಿನ ಓಟ, ಸ್ಟಾಪ್‌ವಾಚ್ ಇವುಗಳ ಮೇಲೆ 11ರ ಪಟ್ಟಿ ಬರೆಯಬೇಡಿ. ಪಂದ್ಯವನ್ನು ಹೋಲುವ ಅಭ್ಯಾಸ ಮಾಡಿಸಿ, 50 ದಿನವೂ ಎಣಿಸಿ, ಒಟ್ಟು ಮೊತ್ತವನ್ನು ನೋಡಿ ಆರಿಸಿ. ಈ ವರ್ಷ ಟೂರ್ನಿಗೆ ತಂಡ ಕಳುಹಿಸುವ ಕಾಲೇಜುಗಳು ಹಾಜರಾತಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ತೆರೆಯಲಿ. ಮುಂದಿನ ವರ್ಷದ ಆಯ್ಕೆಗೆ ಕೃಷ್ಣಮೂರ್ತಿಪುರಂನ ಹುಡುಗರ ಅಂಕಿಗಳೇ ಆಧಾರವಾಗಲಿ.